ಒತ್ತಾರೆ ಮಾತ್ರ ಬರುವ ಸದ್ದು

ಕೆಟ್ಟ ಸಾಮಾನು ಅಂಗಡಿಗೆ ಬಂದು ನನ್ನ ಕಣ್ಣೆದುರೇ ಕೆಟ್ಟರೆ ಅರ್ಧ ರಿಪೇರಿ ಮುಗಿದ ಹಾಗೆ. ಮನೆಯಲ್ಲಿ ಕುಣಿದಾಡಿ, ನನ್ನ ಮೇಜಿನ ಮೇಲೆ ಮಾತ್ರ ಸಂಭಾವಿತನಂತೆ ಕೂರುವ ಸಾಮಾನಿದೆಯಲ್ಲ, ಅದರಷ್ಟು ತಲೆ ತಿನ್ನುವುದು ಬೇರೊಂದಿಲ್ಲ. ಅಂಥ ಒಂದು ಸೆಕೆಂಡ್ ಹ್ಯಾಂಡ್ ಸಿ.ಡಿ. ಪ್ಲೇಯರು ಹೋದ ಚಳಿಗಾಲದಲ್ಲಿ ನನ್ನನ್ನು ತಿಂಗಳಿಗೂ ಹೆಚ್ಚು ಕಾಡಿತು. ಅದನ್ನು ಮಾರಿದವನು ನಾನೇ. ಹಾಗಾಗಿ ಬೇರೆ ಯಾರನ್ನಾದರೂ ಬೈದು ಹಗುರಾಗುವ ಸುಖವೂ ನನಗಿರಲಿಲ್ಲ.

ಅರಸೀಕೆರೆಯಲ್ಲಿ ಬಸ್ ಸ್ಟ್ಯಾಂಡಿನಿಂದ ರೈಲ್ವೆ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ, ಕೊಬ್ಬರಿ ಮಂಡಿಯೊಂದರ ಗೋಡೆಗೆ ಅಂಟಿಕೊಂಡಂತೆ ನನ್ನ ಅಂಗಡಿ. ಮೇಲೆ ತಗಡು. ಗೌರಿ ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಕೈಯಲ್ಲಿ ಬಟ್ಟೆಯ ಚೀಲ, ಚೀಲದೊಳಗೆ ಟವೆಲ್ಲಿನಲ್ಲಿ ಸುತ್ತಿದ ಒಂದೇ ಒಂದು ಸಿ.ಡಿ.

"ಇದನ್ನ ಹಾಡ್ಸೋ ಪೆಟ್ಟಿಗೆ ಐತೇನಪ್ಪ? ಹಳೇಬೀಡಲ್ಲಿ ಕೇಳ್ದೆ, ಬೇಲೂರಲ್ಲಿ ಕೇಳ್ದೆ. ಎಲ್ಲಾರೂ ನಗ್ತಾರೆ."

ನಾನು ನಗಲಿಲ್ಲ. ಬೇಲೂರಿನ ಒಂದು ಮನೆಯವರು ಸಾಮಾನು ಖಾಲಿ ಮಾಡುವಾಗ ಕೊಟ್ಟಿದ್ದ ಹಳೆಯ ಪ್ಲೇಯರೊಂದು ನನ್ನ ಅಟ್ಟದ ಮೇಲಿತ್ತು. ಗಟ್ಟಿ ಮೈಯ ಸಾಮಾನು. ಈಗಿನವುಗಳ ಹಾಗೆ ಎತ್ತಿದರೆ ಕೈಗೆ ಬರುವಂಥದ್ದಲ್ಲ. ನಾಳೆ ಬನ್ನಿ ಎಂದು ಹೇಳಿ ಕಳಿಸಿದೆ.

ಅವರು ಮಾದಿಹಳ್ಳಿಯವರು. ಮನೆಯಲ್ಲಿ ಇದ್ದವರು ಇಬ್ಬರೇ, ಅಕ್ಕ ಮತ್ತು ತಂಗಿ. ಬಂದವರು ತಂಗಿ. ಅಕ್ಕನಿಗೆ ವರ್ಷದ ಹಿಂದೆ ಲಕ್ವ ಹೊಡೆದು, ಬಲಗೈ ಬಿದ್ದುಹೋಗಿ, ಅದರ ಜೊತೆ ಮಾತೂ ನಿಂತುಹೋಗಿತ್ತು. ಆ ಅಕ್ಕ ಒಂದು ಕಾಲದಲ್ಲಿ ಸುತ್ತಲಿನ ಊರುಗಳ ಮದುವೆ ಮನೆಗಳಲ್ಲಿ ಸೋಬಾನೆ ಪದ ಎತ್ತುತ್ತಿದ್ದವರಂತೆ. ಸೋಬಾನೆಯಲ್ಲಿ ಒಬ್ಬರು ಸೊಲ್ಲು ಎತ್ತುತ್ತಾರೆ, ಉಳಿದವರು ಅದನ್ನೇ ಹಿಂದೆ ಹೇಳುತ್ತಾರೆ. ಎಷ್ಟೋ ವರ್ಷದ ಹಿಂದೆ ಕಾಲೇಜು ಮೇಷ್ಟ್ರೊಬ್ಬರು ಮನೆಗೆ ಬಂದು ಒಂಬತ್ತು ಪದ ರೆಕಾರ್ಡು ಮಾಡಿಕೊಂಡು, ಒಂದು ಸಿ.ಡಿ. ಕೊಟ್ಟು ಹೋಗಿದ್ದರು. ಅದೇ ಟವೆಲ್ಲಿನೊಳಗಿನ ಸಿ.ಡಿ.

"ಹಾಸನದಾಗೆ ಮಾತು ಕಲ್ಸೋ ಮೇಡಮ್ಮು ಹೇಳಿದ್ರು ಕಣಪ್ಪ. ತಲೇಲಿ ಮಾತಾಡೋ ಜಾಗ ಕೆಟ್ಟೈತೆ, ಪದ ಹೇಳೋ ಜಾಗ ಬ್ಯಾರೆ, ಅದು ನೆಟ್ಟಗೈತೆ ಅಂತ. ದಿನಾ ಒತ್ತಾರೆ ಎದ್ದ ತಕ್ಷಣ ಅವಳ ಪದಾನೇ ಅವಳಿಗೆ ಕೇಳ್ಸಿ, ಹಿಂದೆ ಹೇಳ್ಸಿ, ಹಂಗೇ ಮಾತು ಬತ್ತದೆ ಅಂದ್ರು."

"ಪದ ನಿಮಗೂ ಬರುತ್ತಲ್ಲ ಅಮ್ಮ, ನೀವೇ ಹೇಳಬಹುದಲ್ಲ?" ಎಂದು ಕೇಳಿದೆ.

"ನಾನು ಹಿಂದೆ ಹೇಳೋಳು ಕಣಪ್ಪ. ಅವಳು ಎತ್ತಿದ್ರೆ ನನ್ನ ಬಾಯಿಗೆ ಬತ್ತದೆ. ನಾನೇ ಎತ್ತಾಕೆ ಹೋದ್ರೆ ಒಂದು ಸೊಲ್ಲೂ ಬರಾಕಿಲ್ಲ. ಜೊತೇಲಿ ಹೇಳ್ತಿದ್ದೋರು ಎಲ್ಡು ಜನ ತೀರ್ಕೊಂಡ್ರು. ಈಗಿನೋರು ಮದುವೆ ಮನೇಲಿ ಸ್ಪೀಕರ್ ಹಾಕ್ತಾರೆ."

ಮಾರನೆಯ ದಿನ ಪ್ಲೇಯರನ್ನು ಬಿಚ್ಚಿ ಧೂಳು ಊದಿದೆ. ಲೆನ್ಸ್ ಒರೆಸಿದೆ, ಟ್ರೇಯ ಬೆಲ್ಟ್ ಬದಲಿಸಿದೆ, ಲೆನ್ಸ್ ಜಾರುವ ಸ್ಟೀಲ್ ಕಡ್ಡಿಗೆ ಒಂದು ಹನಿ ಎಣ್ಣೆ ಬಿಟ್ಟೆ, ಮುಚ್ಚಳ ಮುಚ್ಚಿದೆ. ಎರಡು ಒಳ್ಳೆಯ ಸ್ಪೀಕರು ಜೋಡಿಸಿ ಅವರ ಸಿ.ಡಿ. ಹಾಕಿದೆ. ಹೆಣ್ಣು ದನಿಯೊಂದು ಅಂಗಡಿ ತುಂಬ ನಿಂತುಕೊಂಡಿತು. "ಹಿತ್ತಲ ಹೀರೆಯ ಹಂದರಕೆ ನೀರು ತಂದ ಮಗಳೆ" ಎಂದು ಅದು ಎತ್ತಿದರೆ, ಹಿಂದಿನಿಂದ ಮೂರು ನಾಲ್ಕು ದನಿ ಅದನ್ನೇ ಹೇಳಿದವು. ಪಕ್ಕದ ಮಂಡಿಯ ಸಾಹುಕಾರರು ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಂತರು. ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಮೇಡಮ್ಮು ಮೊಬೈಲ್‌ಗೂ ಹಾಕಿಸ್ಕೊಳ್ಳಿ ಅಂದಿದ್ರು" ಎಂದರು.

"ಮೊಬೈಲಿನಲ್ಲಿ ಏನು ಕೇಳ್ಸುತ್ತೆ ಅಮ್ಮ, ಸೊಳ್ಳೆ ಗುಂಯ್ ಅಂದ ಹಾಗೆ! ಈ ದನಿ ಅದರಲ್ಲಿ ಬರುತ್ತಾ? ಮೊದಲು ಇದರಲ್ಲಿ ಕೇಳಿಸಿ. ಅದನ್ನು ಆಮೇಲೆ ಮಾಡ್ಕೊಡೋಣ."

ಎರಡು ಬಾಗಿಲು ಆಚೆ ಕಂಪ್ಯೂಟರ್ ಅಂಗಡಿಯಿತ್ತು. ಹತ್ತು ನಿಮಿಷದ ಕೆಲಸ. ನಾನು ಆ ಮಾತನ್ನು ಹೇಳಿದ್ದು ಬರೀ ಜಂಬದಿಂದ. ಎಲ್ಲರೂ ನಗುವ ಸಾಮಾನನ್ನು ನಾನು ಬದುಕಿಸಿದ್ದೆ, ಅದೊಂದು ಸಾಕಾಗಿತ್ತು.

ಎರಡು ತಿಂಗಳು ಎಲ್ಲ ಸುಸೂತ್ರ. ತಂಗಿ ಆಗಾಗ ಫೋನು ಮಾಡುತ್ತಿದ್ದರು. ಅಕ್ಕ ಪದದ ಹಿಂದೆ ದನಿಗೂಡಿಸುತ್ತಿದ್ದಾಳೆ, ಸೊಲ್ಲಿನ ಕೊನೆಯ ಮಾತು ಬರುತ್ತಿದೆ, ಈಗ ಇಡೀ ಸೊಲ್ಲು. ದೀಪಾವಳಿಯ ಹೊತ್ತಿಗೆ ಪದದ ಹೊರಗೂ ಮೂರು ಮಾತು ಬಂದಿದ್ದವು: ನೀರು, ಬಾ, ಸಾಕು. ನನ್ನ ಮಗುವಿಗೇ ಮಾತು ಬಂದ ಹಾಗೆ ಹಿಗ್ಗಿ, ಅದನ್ನು ಮಂಡಿ ಸಾಹುಕಾರರಿಗೂ ಹೇಳಿದ್ದೆ.

ಕಾರ್ತಿಕದಲ್ಲಿ ಒಂದು ದಿನ ತಂಗಿ ಪೆಟ್ಟಿಗೆಯನ್ನು ದುಪ್ಪಟಿಯಲ್ಲಿ ಕಟ್ಟಿಕೊಂಡು, ಹಳೇಬೀಡಿನಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಅಂಗಡಿಗೆ ಬಂದಿಳಿದರು.

"ಅದ್ಯಾತರದೋ ಸದ್ದು ಮಾಡ್ತದೆ ಕಣಪ್ಪ. ಕರ್ ಅಂತದೆ, ಟಕ್ ಅಂತದೆ, ಪದ ಎಗರಿ ಎಗರಿ ಬೀಳ್ತದೆ. ಆ ಸದ್ದು ಬಂದ್ರೆ ಸಾಕು, ಅಕ್ಕ ಬೆಚ್ಚಿಬಿದ್ದು ಬಾಯಿ ಮುಚ್ಕೊತಾಳೆ. ಆಮ್ಯಾಕೆ ದಿನವೆಲ್ಲ ಒಂದು ಮಾತಿಲ್ಲ. ನೀರು ಅನ್ನೋದೂ ಬಿಟ್ಲು."

ಹಾಕಿ ನೋಡಿದೆ. ಬೆಣ್ಣೆಯ ಹಾಗೆ ಓಡಿತು. ಸಿ.ಡಿ. ಪೂರ್ತಿ ಮುಗಿಯಿತು, ಮತ್ತೊಮ್ಮೆ ಹಾಕಿದೆ. ಟ್ರೇ ಒಳಗೆ ಹೋಗುವಾಗ ಬರುವ ಸಣ್ಣ ಗುರ್, ಲೆನ್ಸ್ ಮೇಲೆ ಕೆಳಗೆ ಆಡುವಾಗ ಬರುವ ಚಿಕ್ ಚಿಕ್, ಇವು ಎಲ್ಲ ಪ್ಲೇಯರಿನಲ್ಲೂ ಇರುತ್ತವೆ. ಅದರಾಚೆ ಏನೂ ಇಲ್ಲ. ಮನೆಯಲ್ಲಿ ಮೇಜು ಓರೆಯಿರಬಹುದು, ಕಾಲಿನ ಕೆಳಗೆ ಬಟ್ಟೆ ಇಡಿ ಎಂದು ಹೇಳಿ ಕಳಿಸಿದೆ. ನಾಲ್ಕು ದಿನಕ್ಕೆ ಮತ್ತೆ ಬಂದರು. ಮತ್ತೆ ಸದ್ದಿಲ್ಲ. ಅವರು ಪೆಟ್ಟಿಗೆಯ ಕಡೆ ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಕಳ್ಳತನ ಮಾಡಿ ಪೊಲೀಸರ ಮುಂದೆ ಸಾಧುವಾಗಿ ನಿಂತವನನ್ನು ನೋಡಿದ ಹಾಗಿತ್ತು.

"ನಾನೇನು ಸುಳ್ಳು ಹೇಳ್ತೀನಾ? ಇಷ್ಟು ದೂರ ಹೊತ್ಕೊಂಡು ಬಂದು?"

"ಸುಳ್ಳು ಅಂತ ನಾನೆಲ್ಲಿ ಅಂದೆ ಅಮ್ಮ. ಒಂದು ಕೆಲಸ ಮಾಡಿ. ಸದ್ದು ಶುರುವಾದ ತಕ್ಷಣ ಮೊಬೈಲನ್ನು ಪೆಟ್ಟಿಗೆ ಹತ್ತಿರ ಹಿಡಿದು ರೆಕಾರ್ಡ್ ಮಾಡಿ ವಾಟ್ಸಾಪಿಗೆ ಹಾಕಿ. ಪದ ಬೇಡ, ಸದ್ದು ಚೆನ್ನಾಗಿ ಬರಬೇಕು."

ಹೀಗೆ ಶುರುವಾಯಿತು ನಮ್ಮ ಪತ್ರ ವ್ಯವಹಾರ. ಪೆಟ್ಟಿಗೆ ಅವರ ಮನೆಯಲ್ಲಿದ್ದ ದಿನವೆಲ್ಲ ಬೆಳಿಗ್ಗೆ ನಾನು ಕಾಫಿ ಕುಡಿಯುವ ಹೊತ್ತಿಗೆ ಒಂದು ರೆಕಾರ್ಡಿಂಗ್ ಬರುತ್ತಿತ್ತು. ಒಂದೂವರೆ ನಿಮಿಷ, ಕೆಲವೊಮ್ಮೆ ಎರಡು. ಹಿಂದೆಲ್ಲೋ ಪದ, ಮುಂದೆ ಕರ್ರ್... ಟಕ್. ಕರ್ರ್... ಟಕ್. ಕೊನೆಗೆ ತಂಗಿಯ ದನಿ: "ಕೇಳಿಸ್ತೇನಪ್ಪ? ಕೇಳಿಸ್ತಾ?" ನಾನು "ಕೇಳಿಸ್ತು ಅಮ್ಮ" ಎಂದು ಮೆಸೇಜು ಹಾಕುತ್ತಿದ್ದೆ. ಆಮೇಲೆ ಇಯರ್‌ಫೋನು ಸಿಕ್ಕಿಸಿಕೊಂಡು ಅದನ್ನೇ ಹತ್ತು ಹದಿನೈದು ಸಲ ಕೇಳುತ್ತಿದ್ದೆ. ಪದ ಬಂದಲ್ಲಿ ಸಿಟ್ಟು ಬರುತ್ತಿತ್ತು, ಸದ್ದಿಗೆ ಅಡ್ಡ ಬರುತ್ತದಲ್ಲ ಎಂದು.

ಸದ್ದಿಗೂ ಗುಣವಿರುತ್ತದೆ. ಬೆಲ್ಟ್ ಸಡಿಲವಾದರೆ ಜಾರುವ ಸದ್ದು. ಗೇರಿನ ಹಲ್ಲು ಮುರಿದಿದ್ದರೆ ಲೆಕ್ಕ ತಪ್ಪದೆ ಟಿಕ್ ಟಿಕ್. ಸಿ.ಡಿ. ತಿರುಗಿಸುವ ಮೋಟರಿನ ಬುಷ್ ಸವೆದಿದ್ದರೆ ತಿರುಗಿದಷ್ಟು ಹೊತ್ತೂ ಕೀರಲು. ಇದು ಮೂರೂ ಅಲ್ಲ. ಒಂದಷ್ಟು ಹೊತ್ತು ಗೊರಗುಟ್ಟಿ, ತಡೆದು, ಆಮೇಲೆ ಹಾರಿದ ಹಾಗೆ. ಮೊದಲನೆಯ ಪದದ ಎರಡನೇ ನಿಮಿಷದ ಸುಮಾರಿಗೆ ಶುರುವಾಗುತ್ತದೆ. ಎರಡನೆಯ ಪದ ಮುಗಿಯುವಷ್ಟರಲ್ಲಿ ಕಡಿಮೆಯಾಗುತ್ತದೆ ಎಂದು ತಂಗಿ ಹೇಳಿದ್ದರು. ಅಷ್ಟರಲ್ಲಿ ಅಕ್ಕ ಎದ್ದು ಒಳಗೆ ಹೋಗಿರುತ್ತಿದ್ದರು.

ಮೊದಲ ಸಲ ಹೊಸ ಬೆಲ್ಟನ್ನೇ ಅನುಮಾನಿಸಿ ಮತ್ತೊಂದು ಹಾಕಿದೆ. ಮಾರನೆಯ ಬೆಳಿಗ್ಗೆ ಕರ್ರ್... ಟಕ್. ಆಮೇಲೆ ಸಿ.ಡಿ.ಯನ್ನು ಮೇಲಿನಿಂದ ಅಮುಕಿ ಹಿಡಿಯುವ ಬಿಲ್ಲೆಯನ್ನು ಬಿಚ್ಚಿ, ಉಜ್ಜಿ, ಹೊಂದಿಸಿದೆ. ಕರ್ರ್... ಟಕ್. ಪ್ರತಿ ಸಲವೂ ಆ ಹೆಂಗಸು ಪೆಟ್ಟಿಗೆ ಹೊತ್ತು ಎರಡು ಬಸ್ಸು ಹತ್ತಬೇಕು. ಅಕ್ಕನನ್ನು ಪಕ್ಕದ ಮನೆಯವರ ಕೈಯಲ್ಲಿ ಬಿಟ್ಟು ಬರಬೇಕು. ಮೂರನೆಯ ಸಲಕ್ಕೆ ನಾನೇ ನಾಚಿಕೊಂಡು, ಹಳೇಬೀಡಿನ ಬಸ್ ಸ್ಟ್ಯಾಂಡಿನವರೆಗೂ ಹೋಗಿ ಪೆಟ್ಟಿಗೆ ಇಸಿದುಕೊಂಡು ಬಂದೆ. ಅಲ್ಲಿಂದ ಹಾಗೇ ಬೇಲೂರಿಗೆ ಹೋಗಿ, ಹಿಂದೆ ಮೈಕ್ ಸೆಟ್ ನಡೆಸುತ್ತಿದ್ದವರೊಬ್ಬರ ಗೋಡೌನಿನಲ್ಲಿ ಅರ್ಧ ದಿನ ತಡಕಾಡಿ, ಅದೇ ಜಾತಿಯ ಒಂದು ಸತ್ತ ಪ್ಲೇಯರು ಹುಡುಕಿ, ಅದರ ಮೋಟರು ಕಿತ್ತು ತಂದೆ. ಕಾಗದದ ತುಂಡನ್ನು ಅಳತೆಗೆ ಇಟ್ಟುಕೊಂಡು, ಮೋಟರಿನ ಮೇಲೆ ಸಿ.ಡಿ. ಕೂರುವ ಬಿಲ್ಲೆಯ ಎತ್ತರ ಕೂದಲೆಳೆಯಷ್ಟೂ ತಪ್ಪದ ಹಾಗೆ ಕೂರಿಸಿದೆ. ನಾಲ್ಕು ತಾಸು ಓಡಿಸಿದೆ. ನಿಶ್ಶಬ್ದ. ಈ ಸಲ ಗೆದ್ದೆ ಎಂದುಕೊಂಡೆ.

ಪೆಟ್ಟಿಗೆ ಮನೆ ಸೇರಿದ ಎರಡನೆಯ ಬೆಳಿಗ್ಗೆ ರೆಕಾರ್ಡಿಂಗ್ ಬಂತು. ಅದರಲ್ಲಿ ತಂಗಿ ಕೇಳಿಸ್ತಾ ಎಂದು ಕೇಳಿರಲಿಲ್ಲ. ಬದಲಿಗೆ, "ನಿನ್ನೆ ಒತ್ತಾರೆಯಿಂದ ಅಕ್ಕ ಪೆಟ್ಟಿಗೆ ಮುಂದೆ ಕೂರಾಕೇ ಬರಾಕಿಲ್ಲ ಕಣಪ್ಪ. ಕೈ ಹಿಡ್ಕೊಂಡು ಎಳುದ್ರೆ ಅಳ್ತಾಳೆ" ಎಂದಿದ್ದರು.

ಅವತ್ತು ಅಂಗಡಿ ತೆಗೆಯಲು ಮನಸ್ಸೇ ಬರಲಿಲ್ಲ. ತೆಗೆದರೂ ಕೈಗೆ ಕೆಲಸ ಹತ್ತಲಿಲ್ಲ. ನನಗೆ ಕಿವಿಯಿದೆ, ಕೈಯಿದೆ ಎಂದು ಅಷ್ಟು ವರ್ಷ ನಂಬಿಕೊಂಡಿದ್ದೆ. ಎರಡೂ ಸುಳ್ಳು ಅನ್ನಿಸಿತು. ಮಂಡಿ ಸಾಹುಕಾರರು ಇಣುಕಿ, "ಏನ್ಲಾ, ಆ ಪೆಟ್ಟಿಗೆಗೆ ದೆವ್ವ ಹಿಡ್ದೈತೇನ್ಲಾ? ನಮ್ಮ ಮಠಕ್ಕೆ ತಗೊಂಡೋಗಿ ಒಂದು ತಾಯಿತ ಕಟ್ಸು" ಎಂದು ನಕ್ಕರು. ನಾನು ಅವರ ಮೇಲೆ ರೇಗಿಬಿಟ್ಟೆ. ಪಾಪ, ಅವರು ಟೀ ತರಿಸಿಕೊಟ್ಟು ಸುಮ್ಮನೆ ಹೋದರು.

ಇನ್ನು ಉಳಿದದ್ದು ಸಿ.ಡಿ. ಒಂದೇ. ಪೆಟ್ಟಿಗೆಯಲ್ಲಿ ತಪ್ಪಿಲ್ಲ ಎಂದ ಮೇಲೆ ತಪ್ಪು ಸಿ.ಡಿ.ಯಲ್ಲೇ ಇರಬೇಕು. ತಂಗಿಗೆ ಫೋನು ಮಾಡಿ, ಎರಡನ್ನೂ ತಂದು ಎರಡು ದಿನ ನನ್ನ ಹತ್ತಿರ ಬಿಡಿ ಎಂದೆ. ತಂದರು, ಆದರೆ ಸಿ.ಡಿ. ಬಿಟ್ಟು ಹೋಗಲು ಅವರಿಗೆ ಇಷ್ಟವಿರಲಿಲ್ಲ.

"ಅದೊಂದೇ ಐತೆ ಕಣಪ್ಪ" ಎಂದರು. ಎರಡು ಸಲ ಅಂದರು.

"ನನ್ನ ಕಣ್ಣಿನ ಹಾಗೆ ನೋಡ್ಕೋತೀನಿ, ಹೋಗಿ" ಎಂದೆ.

ಮೇಷ್ಟ್ರು ಆ ಸಿ.ಡಿ.ಯ ಮೇಲೆ ಒಂದು ದುಂಡನೆಯ ಕಾಗದದ ಸ್ಟಿಕರು ಅಂಟಿಸಿ ಅಕ್ಕನ ಹೆಸರು, ಊರು, ಒಂಬತ್ತು ಪದಗಳ ಮೊದಲ ಸಾಲು ಬರೆಸಿದ್ದರು. ವರ್ಷಗಳ ತೇವಕ್ಕೆ ಸ್ಟಿಕರು ಉಬ್ಬಿ ಒಂದು ಕಡೆ ಅಂಚು ಎದ್ದಿತ್ತು. ಅದನ್ನು ಕಂಡಾಗ ನನಗೆ ಬೆಳಕು ಹರಿದ ಹಾಗಾಯಿತು. ಸಿ.ಡಿ. ಒಳಗಿನಿಂದ ಹೊರಕ್ಕೆ ಓಡುತ್ತದೆ. ಶುರುವಿನಲ್ಲಿ ಅದರ ತಿರುಗುವ ವೇಗ ಹೆಚ್ಚು, ಹೋಗ್ತಾ ಹೋಗ್ತಾ ಕಡಿಮೆ. ಒಂದು ಕಡೆ ಭಾರ ಹೆಚ್ಚಾಗಿದ್ದರೆ, ಎದ್ದ ಅಂಚು ಮೇಲೆ ತಾಗುತ್ತಿದ್ದರೆ, ಮೊದಲ ಪದದಲ್ಲೇ ಸದ್ದು ಬರಬೇಕು, ಆಮೇಲೆ ಇಳಿಯಬೇಕು. ತಂಗಿ ಹೇಳಿದ್ದಕ್ಕೆ ಕರಾರುವಾಕ್ಕಾಗಿ ಹೊಂದಿಕೊಂಡಿತು. ಅಂಗಡಿಯಲ್ಲಿ ಮಾತ್ರ ಯಾಕೆ ಬರುವುದಿಲ್ಲ ಎನ್ನುವುದೊಂದು ಉಳಿಯಿತು. ಅದನ್ನು ಬದಿಗೆ ತಳ್ಳಿದೆ. ತಿಂಗಳಿಂದ ಸೋತವನಿಗೆ ಒಂದು ಉತ್ತರ ಸಿಕ್ಕಿದಾಗ ಅದರ ಬಾಲ ಎಳೆದು ನೋಡುವ ತಾಳ್ಮೆ ಇರುವುದಿಲ್ಲ.

ಆ ಎರಡು ದಿನದಲ್ಲಿ ಮೊದಲ ಪದದ ಮೊದಲ ಎರಡು ನಿಮಿಷವನ್ನು ಎಷ್ಟು ಸಲ ಹಾಕಿದೆನೋ ಲೆಕ್ಕವಿಲ್ಲ. ಹಾಕುವುದು, ಎರಡನೇ ನಿಮಿಷದವರೆಗೆ ಕಿವಿ ಹಚ್ಚುವುದು, ಸದ್ದಿಲ್ಲ, ಮತ್ತೆ ಮೊದಲಿನಿಂದ. ಎರಡನೆಯ ದಿನ ಸಂಜೆ ತೀರ್ಮಾನ ಮಾಡಿದೆ. ಸ್ಟಿಕರು ತೆಗೆದುಬಿಡುವುದು.

ಹಾಡು ಇರುವುದು ಕೆಳಗಿನ ಹೊಳೆಯುವ ಮುಖದಲ್ಲಿ, ಮೇಲಿನ ಮುಖ ಬರೀ ಹೆಸರು ಬರೆಯುವುದಕ್ಕೆ ಎಂದೇ ನಾನು ತಿಳಿದಿದ್ದೆ. ಯಾರು ಹೇಳಿಕೊಟ್ಟರು? ಯಾರೂ ಇಲ್ಲ. ಕೆಳಗಿನ ಮುಖಕ್ಕೆ ಗೀರು ಬಿದ್ದರೆ ಹಾಡು ಎಗರುತ್ತದೆ, ಆದ್ದರಿಂದ ಹಾಡು ಅಲ್ಲೇ ಇರಬೇಕು. ಕೆಳಗಿನ ಮುಖಕ್ಕೆ ಮೆತ್ತನೆಯ ಬಟ್ಟೆ ಹಾಸಿ, ಎಷ್ಟು ಜೋಪಾನ ಮಾಡಿದೆ ಎಂದರೆ, ನೆನೆಸಿಕೊಂಡರೆ ಈಗ ಅಳು ಬರುತ್ತದೆ. ಕಾಗದವನ್ನು ಸ್ವಲ್ಪ ಒದ್ದೆ ಮಾಡಿ, ಎದ್ದ ಅಂಚನ್ನು ಉಗುರಿನಲ್ಲಿ ಹಿಡಿದು, ನಿಧಾನವಾಗಿ ಎಳೆದೆ. ಸಲೀಸಾಗಿ ಬಂತು. ಒಂದೇ ತುಂಡಾಗಿ ಬಂತು. ಖುಷಿಯಿಂದ ಅದನ್ನು ತಿರುಗಿಸಿ ನೋಡಿದರೆ ಕಾಗದದ ಹಿಂದೆಲ್ಲ ಬೆಳ್ಳಿ. ಸಿ.ಡಿ.ಯನ್ನು ಎತ್ತಿ ಹಿಡಿದೆ. ಅದರೊಳಗಿಂದ ಎದುರಿನ ರಸ್ತೆ ಕಾಣಿಸಿತು, ಆಟೋ ಒಂದು ಹೋದದ್ದು ಕಾಣಿಸಿತು.

ಇಂಥ ಸಿ.ಡಿ.ಯಲ್ಲಿ ಹಾಡು ಬರೆದಿರುವುದು ಮೇಲಿನ ಮುಖದ ಹಿಂದೆಯೇ, ಎಣ್ಣೆ ಕಾಗದದಷ್ಟೂ ದಪ್ಪವಿಲ್ಲದ ಬೆಳ್ಳಿಯ ಪೊರೆಗೆ ಹೊಂದಿಕೊಂಡು. ಕೆಳಗಿರುವುದು ಬರೀ ಪ್ಲಾಸ್ಟಿಕ್ಕು, ಗಾಜಿನ ಹಾಗೆ. ಇದನ್ನು ನನಗೆ ಹೇಳಿದವರು ಆ ಕಂಪ್ಯೂಟರ್ ಅಂಗಡಿಯವರು, ಸಿ.ಡಿ.ಯನ್ನು ಒಂದು ಕೈಯಲ್ಲೂ ಸ್ಟಿಕರನ್ನು ಇನ್ನೊಂದು ಕೈಯಲ್ಲೂ ಹಿಡಿದುಕೊಂಡು ಓಡಿದ ನನ್ನನ್ನು ನೋಡಿ. "ಮೊದಲೇ ತಂದಿದ್ರೆ ಹತ್ತು ನಿಮಿಷದಲ್ಲಿ ಕಾಪಿ ಆಗ್ತಿತ್ತಲ್ಲ ಸಾರ್" ಎಂದರು. ಅವರು ಮರುಕದಿಂದಲೇ ಹೇಳಿದ್ದು. ಆದರೂ ಅಲ್ಲಿ ನಿಲ್ಲಲಾಗಲಿಲ್ಲ.

ಅವರಿವರನ್ನು ಹಿಡಿದು ಆ ಕಾಲೇಜು ಮೇಷ್ಟ್ರ ಫೋನ್ ನಂಬರು ಹುಡುಕಿದೆ. ನಿವೃತ್ತರಾಗಿದ್ದರು. ಬಹಳ ಸೌಜನ್ಯದಿಂದ ಮಾತಾಡಿದರು. ಅವರ ಹಳೆಯ ಕಂಪ್ಯೂಟರು ಕೆಟ್ಟು, ಗುಜರಿಗೆ ಹೋಗಿ, ಎಷ್ಟೋ ವರ್ಷವಾಗಿತ್ತು. "ಅವರ ಹತ್ತಿರ ಒಂದು ಪ್ರತಿ ಇದೆಯಲ್ಲ, ಅದು ಸಾಕು ಅಂತ ನಾನು ಸುಮ್ಮನಿದ್ದೆ" ಎಂದರು. ನಾನು ಇದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಮೂರು ದಿನ ತಂಗಿಯ ಫೋನು ಎತ್ತಲಿಲ್ಲ. ಹೇಡಿ ಎಂದರೆ ಹೇಡಿಯೇ. ನಾಲ್ಕನೆಯ ದಿನ, ಧನುರ್ಮಾಸದ ಚಳಿಯಲ್ಲಿ, ಮೊದಲ ಬಸ್ಸಿಗೆ ಪೆಟ್ಟಿಗೆ ಹೊತ್ತು ಹೊರಟೆ. ಹಳೇಬೀಡಿನಲ್ಲಿ ಇಳಿದಾಗ ಮಂಜು ಇನ್ನೂ ಕರಗಿರಲಿಲ್ಲ. ಮಾದಿಹಳ್ಳಿಯಲ್ಲಿ ಡೇರಿಗೆ ಹಾಲು ಹಾಕಿ ಬರುತ್ತಿದ್ದವರು ಮನೆ ತೋರಿಸಿದರು. ತಂಗಿ ಬಾಗಿಲಲ್ಲಿ ನನ್ನನ್ನು ಕಂಡು, "ಅಯ್ಯೋ, ನೀನೇ ಬಂದ್ಯೇನಪ್ಪ ಈ ಚಳೀಲಿ! ಕೂತ್ಕೋ, ಕಾಫಿ ಕಾಯಿಸ್ತೀನಿ. ಅಕ್ಕಂಗೆ ತಲೆ ಬಾಚ್ಬಿಟ್ಟು ಬತ್ತೀನಿ" ಎಂದರು. ಫೋನು ಯಾಕೆ ಎತ್ತಲಿಲ್ಲ ಎಂದು ಕೇಳಲೂ ಇಲ್ಲ.

ಅಕ್ಕ ಒಲೆಯ ಹತ್ತಿರ ಮಣೆಯ ಮೇಲೆ ಕೂತಿದ್ದರು. ತಂಗಿಗಿಂತ ಎತ್ತರದ ಹೆಂಗಸು. ನನ್ನನ್ನು ನೋಡಿ ಎಡಗೈ ಎತ್ತಿದರು. ತಂಗಿ ಕಿಟಕಿಯ ಮೇಲಿದ್ದ ಬಾಟಲಿ ತೆಗೆದು ಅಂಗೈ ಮೇಲೆ ಬೋರಲು ಹಾಕಿದರು. ಏನೂ ಬೀಳಲಿಲ್ಲ. ಕೊಬ್ಬರಿ ಎಣ್ಣೆ ಸುಣ್ಣದ ಹಾಗೆ ಬೆಳ್ಳಗೆ ಕಟ್ಟಿಕೊಂಡಿತ್ತು. "ಈ ಚಳಿಗೆ ಎಣ್ಣೇನೂ ಕಲ್ಲಾಗ್ತದೆ" ಎಂದುಕೊಂಡು ಬಾಟಲಿಯನ್ನು ಒಲೆಯ ಪಕ್ಕ ಇಟ್ಟರು.

ನಾನು ಆ ಬಾಟಲಿಯನ್ನೇ ನೋಡುತ್ತಾ ಕೂತೆ.

ನಮ್ಮ ಅರಸೀಕೆರೆಯಲ್ಲಿ ಎಣ್ಣೆ ಎಂದರೆ ಕೊಬ್ಬರಿ ಎಣ್ಣೆ. ತಲೆಗೆ ಅದೇ, ಅಡುಗೆಗೆ ಅದೇ, ಬೀಗಕ್ಕೆ, ಬಾಗಿಲ ಕೀಲಿಗೆ, ಹೊಲಿಗೆ ಮೆಷಿನ್ನಿಗೆ, ನನ್ನ ಅಂಗಡಿಯ ಷಟರಿಗೂ ಅದೇ. ಮಂಡಿ ಸಾಹುಕಾರರು ವರ್ಷಕ್ಕೊಂದು ಬಾಟಲಿ ತುಂಬಿಸಿ ಕೊಡುತ್ತಾರೆ, ಅದು ನನ್ನ ಮೇಜಿನ ಮೇಲೆ ಸ್ಕ್ರೂಡ್ರೈವರುಗಳ ನಡುವೆಯೇ ಇರುತ್ತದೆ. ಗೌರಿ ಹಬ್ಬ ಕಳೆದ ಮೇಲೆ, ಲೆನ್ಸ್ ಜಾರುವ ಕಡ್ಡಿಗೆ ನಾನು ಬಿಟ್ಟ ಆ ಒಂದು ಹನಿ ಅದೇ. ಯೋಚಿಸಿ ಬಿಟ್ಟದ್ದಲ್ಲ. ಕೈ ತಾನಾಗಿ ಹೋಗಿ ಬಿಟ್ಟದ್ದು. ಆಗ ಸೆಕೆಯಿತ್ತು, ಎಣ್ಣೆ ನೀರಾಗಿತ್ತು. ಕಾರ್ತಿಕದ ಚಳಿ ಬಂದ ಮೇಲೆ ಬೆಳಗಿನ ಹೊತ್ತು ಅದು ಮೇಣದ ಹಾಗೆ ಕಟ್ಟಿಕೊಳ್ಳುತ್ತಿತ್ತು. ಲೆನ್ಸ್ ಜಾರಲಾರದೆ ತಡೆದು, ಮೋಟರು ಗೊರಗುಟ್ಟಿ, ಆಮೇಲೆ ಟಕ್ಕನೆ ಹಾರುತ್ತಿತ್ತು. ಎರಡು ಪದ ಓಡಿದ ಕಾವಿಗೆ ಅದೇ ಸಡಿಲವಾಗುತ್ತಿತ್ತು. ನನ್ನ ತಗಡಿನ ಮಾಡಿನ ಕೆಳಗೆ, ಮಧ್ಯಾಹ್ನದ ಬಿಸಿಲಿಗೆ, ಅದು ಮತ್ತೆ ಎಣ್ಣೆ. ಬೆಲ್ಟ್ ತೆಗೆದೆ, ಬಿಲ್ಲೆ ತೆಗೆದೆ, ಬೇಲೂರಿಗೆ ಹೋಗಿ ಮೋಟರು ತಂದೆ. ಆ ಕಡ್ಡಿಯನ್ನು ಮಾತ್ರ ಮುಟ್ಟಿರಲಿಲ್ಲ. ಅದಕ್ಕೆ ಎಣ್ಣೆ ಬಿಟ್ಟಾಗಿದೆ, ನಾನೇ ಬಿಟ್ಟಿದ್ದೇನೆ, ಅಲ್ಲಿ ತೊಂದರೆ ಇರಲಾರದು ಎಂದು ತಿಳಿದಿದ್ದೆ.

ಹೇಳಬೇಕಾದದ್ದನ್ನು ಹೇಳದೆ ನಾನು ಪೆಟ್ಟಿಗೆ ಬಿಚ್ಚಿದೆ. ನನ್ನ ಚೀಲದಲ್ಲಿದ್ದ ಟೆಸ್ಟಿಂಗ್ ಸಿ.ಡಿ. ಹಾಕಿದೆ. ಎರಡನೇ ನಿಮಿಷಕ್ಕೆ ಕರ್ರ್... ಟಕ್. ಮೊದಲ ಸಲ ನನ್ನ ಕಿವಿಯಾರೆ ಕೇಳಿದೆ. ಕಡ್ಡಿಯ ಮೇಲೆ ಬೆಳ್ಳನೆಯ ಗೆರೆ ಕಣ್ಣಿಗೇ ಕಾಣುತ್ತಿತ್ತು. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿದೆ, ಗೇರಿನ ಹಲ್ಲುಗಳನ್ನು ಒಂದೊಂದಾಗಿ ಒರೆಸಿದೆ, ಡಬ್ಬಿಯ ಗ್ರೀಸನ್ನು ಸಾಸಿವೆ ಕಾಳಿನಷ್ಟು ಹಚ್ಚಿದೆ. ಮತ್ತೆ ಹಾಕಿದೆ. ಎರಡನೇ ನಿಮಿಷ ದಾಟಿತು, ಐದನೆಯದು ದಾಟಿತು. ಆ ಕೊರೆಯುವ ಚಳಿಯಲ್ಲಿ ಪೆಟ್ಟಿಗೆ ಉಸಿರೂ ಬಿಡಲಿಲ್ಲ. ತಿಂಗಳ ಕೆಲಸ ಕಾಲು ತಾಸಿನಲ್ಲಿ ಮುಗಿದಿತ್ತು.

"ಸರಿ ಹೋಯ್ತೇನಪ್ಪ!" ತಂಗಿ ಕೈ ಮುಗಿದೇಬಿಟ್ಟರು. ಅಕ್ಕನನ್ನು ತೋಳು ಹಿಡಿದು ಕರೆತಂದು ಪೆಟ್ಟಿಗೆಯ ಮುಂದೆ ಕೂರಿಸಿದರು. ಅಕ್ಕ ಈ ಸಲ ಅಳಲಿಲ್ಲ. ಸದ್ದಿಲ್ಲದ್ದು ಅವರಿಗೂ ತಿಳಿದಿತ್ತು. ಎಡಗೈಯನ್ನು ತೊಡೆಯ ಮೇಲೆ ತಾಳ ಹಾಕುವ ಹಾಗೆ ಇಟ್ಟುಕೊಂಡರು. "ಹಾಕಪ್ಪ ನಮ್ಮ ಪದಾನ" ಎಂದರು ತಂಗಿ.

ಚೀಲದಿಂದ ಸಿ.ಡಿ. ತೆಗೆದು ಅವರ ಕೈಗೆ ಕೊಟ್ಟೆ, ಸ್ಟಿಕರನ್ನೂ ಕೊಟ್ಟೆ. ನಾನು ಕಿತ್ತೆ, ಪದವೆಲ್ಲ ಹೋಯಿತು ಎಂದೆ.  ತಂಗಿ ಸಿ.ಡಿ.ಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅದರೊಳಗಿಂದ ಹಿತ್ತಲು ಕಾಣುತ್ತಿತ್ತು. 

"ಒಂಬತ್ತೂ ಹೋಯ್ತಾ?"

"ಹೋಯ್ತು ಅಮ್ಮ."

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ನಿನ್ನ ಕಣ್ಣಿನಂಗೆ ನೋಡ್ಕೋತೀನಿ ಅಂದಿದ್ಯಲ್ಲಪ್ಪ" ಎಂದಷ್ಟೇ ಹೇಳಿ ಗೋಡೆಗೆ ಒರಗಿ ಕೂತರು.

ಅಕ್ಕನಿಗೆ ಇದು ಯಾವುದೂ ತಿಳಿದಂತಿರಲಿಲ್ಲ. ಪೆಟ್ಟಿಗೆಯನ್ನು ನೋಡುತ್ತಾ ಕಾಯುತ್ತಿದ್ದರು. ಕೈ ತೊಡೆಯ ಮೇಲೆ ಒಮ್ಮೆ ಬಿತ್ತು, ಮತ್ತೊಮ್ಮೆ ಬಿತ್ತು. ಯಾರಾದರೂ ಎತ್ತಬೇಕಿತ್ತು. ಎತ್ತುವವರು ಯಾರೂ ಇರಲಿಲ್ಲ.

ಸೋಬಾನೆ ಗಂಡಸರು ಹೇಳುವ ಪದವಲ್ಲ. ನನಗೆ ರಾಗವೂ ಇಲ್ಲ, ಕಂಠವೂ ಇಲ್ಲ. ಆದರೆ ಆ ಎರಡು ನಿಮಿಷ ನನ್ನ ತಲೆಯಲ್ಲಿ ಅಚ್ಚೊತ್ತಿ ಕೂತಿತ್ತು. ಬಾಯಿ ಬಿಟ್ಟೆ. "ಹಿತ್ತಲ ಹೀರೆಯ ಹಂದರಕೆ ನೀರು ತಂದ ಮಗಳೆ." ಒಡೆದ ದನಿ, ನನಗೇ ಅಸಹ್ಯವಾಯಿತು. ಅಕ್ಕ ತಿರುಗಿ ನನ್ನ ಬಾಯಿ ನೋಡಿದರು. ಆಮೇಲೆ ಹಿಂದೆ ಹೇಳಿದರು, ಒಂದೊಂದು ಮಾತೂ ನೆಟ್ಟಗೆ. ಗೋಡೆಯ ಕಡೆಯಿಂದ ತಂಗಿಯ ದನಿಯೂ ಬಂತು, ಅಳುತ್ತಲೇ. "ಹೊಸಿಲ ದಾಟುವ ಹೊತ್ತಾಯ್ತೆ" ಎಂದೆ. ಇಬ್ಬರೂ ಹೇಳಿದರು. ಹೀಗೆ ಸೊಲ್ಲು ಸೊಲ್ಲಾಗಿ ಹೋಗಿ ಒಂದು ಕಡೆ ನಿಂತುಬಿಟ್ಟೆ. ಮುಂದೆ ಗೊತ್ತಿರಲಿಲ್ಲ. ಎರಡನೇ ನಿಮಿಷ ಬಂದ ಕೂಡಲೇ ಮತ್ತೆ ಮೊದಲಿನಿಂದ ಹಾಕುತ್ತಿದ್ದವನು ನಾನು. ಸದ್ದು ಎಲ್ಲಿ ಶುರುವಾಗುತ್ತದೋ ಅಲ್ಲಿಯವರೆಗಿನ ಪದ ಮಾತ್ರ ನನ್ನದು.

ಅಕ್ಕನ ಕೈ ತಾಳ ಹಾಕುತ್ತಲೇ ಇತ್ತು.

ಆಗ ಫೋನು ನೆನಪಾಯಿತು. ತಂಗಿ ಕಳಿಸಿದ ರೆಕಾರ್ಡಿಂಗುಗಳು ಇದ್ದವು, ಹನ್ನೆರಡು. ಹನ್ನೆರಡೂ ಅದೇ ಪದದ ಅದೇ ಜಾಗ. ಸ್ಟಿಕರಿನ ಮೇಲೆ ಬರೆದ ಮೊದಲ ಸಾಲು ಬಿಟ್ಟರೆ ಬೇರೆ ಎಂಟು ಪದಗಳ ಒಂದು ಸೊಲ್ಲೂ ಎಲ್ಲೂ ಇರಲಿಲ್ಲ. ಪದ ಬೇಡ ಎಂದವನೂ ನಾನೇ. ಎಲ್ಲಕ್ಕಿಂತ ಉದ್ದವಿದ್ದದ್ದನ್ನು ಹುಡುಕಿ, ಫೋನನ್ನು ಪೆಟ್ಟಿಗೆಯ ಮೇಲಿಟ್ಟು ಒತ್ತಿದೆ. ಕರ್ರ್... ಟಕ್. ಅದರ ಹಿಂದೆ, ದೂರದಲ್ಲಿ, ಅಕ್ಕನ ಹಳೆಯ ದನಿ. ತಿಂಗಳೆಲ್ಲ ಕೇಳಿದ ರೆಕಾರ್ಡಿಂಗಿನಲ್ಲಿ ಆ ದನಿ ಇಷ್ಟು ಸ್ಪಷ್ಟವಾಗಿತ್ತು ಎಂದು ಅವತ್ತೇ ನನಗೆ ತಿಳಿದದ್ದು. ಸದ್ದಿಗೆ ಅಕ್ಕ ಬೆಚ್ಚಿದರು. ತಂಗಿ ಎದ್ದು ಬಂದು ಅವರ ಕೈ ಹಿಡಿದುಕೊಂಡರು. ಅಕ್ಕ ಕಣ್ಣು ಮುಚ್ಚಿಕೊಂಡು, ಹಲ್ಲು ಕಚ್ಚಿ ಸದ್ದನ್ನು ದಾಟಿಸಿ, ದನಿ ಬಂದಾಗ ಹಿಂದೆ ಹೇಳಿದರು. ಮತ್ತೆ ಸದ್ದು, ಮತ್ತೆ ಸೊಲ್ಲು. ಹಾಗೆ ಆ ಪದ ಒಂದು ಸೊಲ್ಲಿನ ನಡುವಿಗೆ ಬಂದು ನಿಂತಿತು.

ರೆಕಾರ್ಡಿಂಗಿನ ಕೊನೆಯಲ್ಲಿ ತಂಗಿಯ ದನಿ ಬಂತು: "ಕೇಳಿಸ್ತೇನಪ್ಪ? ಕೇಳಿಸ್ತಾ?"

ಅಕ್ಕ ಅದನ್ನೂ ಪದದ ಸೊಲ್ಲೆಂದೇ ತಿಳಿದರು. ಕಣ್ಣು ಬಿಟ್ಟು, ನನ್ನ ಮುಖವನ್ನೇ ನೋಡುತ್ತಾ, ಅದೇ ರಾಗದಲ್ಲಿ ಹಿಂದೆ ಹೇಳಿದರು: "ಕೇಳಿಸ್ತೇನಪ್ಪ... ಕೇಳಿಸ್ತಾ..."

ಆ ಮಾತಿಗೆ ತಿಂಗಳೆಲ್ಲ "ಕೇಳಿಸ್ತು ಅಮ್ಮ" ಎಂದು ಮೆಸೇಜು ಹಾಕಿದ್ದವನು ನಾನು.